ಪೆಡಿಗ್ರಿ ಕೇಳಿದರೆ ಗ್ರೇಡ್ ತೋರಿಸುವವರಿಗೆ

ಹಳೆಯ ಕಾಮಿಕ್ಸ್ ಮಾರುವವರ ಜಾಹೀರಾತುಗಳಲ್ಲಿ ‘ಪೆಡಿಗ್ರಿ ಕಂಡೀಷನ್’ ಎಂಬ ಮಾತು ಪದೇ ಪದೇ ಕಣ್ಣಿಗೆ ಬೀಳುತ್ತಿದೆ. ‘ಪೆಡಿಗ್ರಿ ಕ್ವಾಲಿಟಿ’ ಅದರ ತಮ್ಮ. ಮುಖಪುಟ ಹೊಳೆಯುತ್ತಿದ್ದು, ಬೆನ್ನು ಮಡಿಯದೆ, ಹಾಳೆ ಬೆಳ್ಳಗಿದ್ದರೆ ಮುಗಿಯಿತು, ಪೆಡಿಗ್ರಿ ಎಂದು ಬರೆದು ಬೆಲೆಗೆ ಒಂದು ಸೊನ್ನೆ ಸೇರಿಸಿಬಿಡುತ್ತಾರೆ. ಪುಸ್ತಕ ಈಗ ಹೇಗಿದೆ ಎಂಬುದಕ್ಕೆ ಇರುವ ಮಾತು ಗ್ರೇಡ್. ಅದು ಯಾರ ಮನೆಯ ಕಪಾಟಿನಿಂದ ಬಂತು ಎಂಬುದಕ್ಕೆ ಪೆಡಿಗ್ರಿ. ಇದನ್ನು ಕೇಳಿದರೆ ಅದನ್ನು ತೋರಿಸುವುದು, ಗೋತ್ರ ಕೇಳಿದವರ ಮುಂದೆ ಮಾರ್ಕ್ಸ್ ಕಾರ್ಡ್ ಹಿಡಿದ ಹಾಗೆ.

ಪದದ ಹುಟ್ಟು ನೋಡಿದರೆ ಈ ಗೊಂದಲಕ್ಕೆ ಜಾಗವೇ ಇಲ್ಲ. ಹಳೆಯ ಫ್ರೆಂಚಿನ ‘ಪಿಯೆ ದ ಗ್ರು’ ಎಂದರೆ ಕ್ರೌಂಚ ಪಕ್ಷಿಯ ಕಾಲು. (ಆಡುಮಾತಿನಲ್ಲಿ ಉದ್ದ ಕಾಲಿನ ಹಕ್ಕಿಯೆಲ್ಲ ನಮಗೆ ಕೊಕ್ಕರೆಯೇ, ಹಾಗಾಗಿ ಕೊಕ್ಕರೆ ಕಾಲು ಎಂದರೂ ನಡೆದೀತು.) ವಂಶಾವಳಿ ಬರೆಯುವವರು ಅಪ್ಪನ ಹೆಸರಿನ ಕೆಳಗಿನಿಂದ ಮಕ್ಕಳ ಹೆಸರುಗಳಿಗೆ ಎಳೆಯುತ್ತಿದ್ದ ಕವಲುಗೆರೆ ಹಕ್ಕಿಯ ಮೂರು ಬೆರಳಿನ ಹೆಜ್ಜೆಯಂತೆ ಕಾಣುತ್ತಿತ್ತು. ಗುರುತಿನ ಹೆಸರು ಪಟ್ಟಿಗೆ ಬಂತು, ಪಟ್ಟಿಯ ಹೆಸರು ಕುಲಕ್ಕೆ ಬಂತು. 15ನೇ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ದಾಟಿತ್ತು. ನಾವು ವಂಶಕ್ಕೆ ಮರದ ರೂಪ ಕೊಟ್ಟು ವಂಶವೃಕ್ಷ ಎಂದೆವು, ಅವರಿಗೆ ಹಕ್ಕಿಯ ಹೆಜ್ಜೆ ಕಂಡಿತು. ಪದದ ಕೊನೆಯಲ್ಲಿ ‘ಡಿಗ್ರಿ’ ಕೇಳಿಸುವುದರಿಂದ ಇದೇನೋ ದರ್ಜೆಯ ಮಾತು ಎಂದುಕೊಳ್ಳುವವರಿದ್ದಾರೆ. ಅಲ್ಲಿರುವುದು ‘ದ ಗ್ರು’, ಅಂದರೆ ಕ್ರೌಂಚದ. ದರ್ಜೆಗೂ ಅದಕ್ಕೂ ಸಂಬಂಧವಿಲ್ಲ.

ಕಾಮಿಕ್ಸ್ ಸಂಗ್ರಹದ ಲೋಕಕ್ಕೆ ಬರುವಾಗ ಪದ ಇನ್ನಷ್ಟು ಕಿರಿದಾಯಿತು. ನಾಯಿಯ, ಕುದುರೆಯ ಪೆಡಿಗ್ರಿಯಲ್ಲಿ ಅಜ್ಜ, ಮುತ್ತಜ್ಜ ಎಲ್ಲರೂ ಇರುತ್ತಾರೆ. ಕಾಮಿಕ್ಸಿನ ಪೆಡಿಗ್ರಿಯಲ್ಲಿ ಲೆಕ್ಕಕ್ಕೆ ಬರುವುದು ಒಬ್ಬನೇ, ಮೊದಲ ಮಾಲೀಕ. ಆಮೇಲೆ ಹತ್ತು ಕೈ ದಾಟಿದ್ದರೂ ಆ ಹತ್ತು ಹೆಸರು ಲೆಕ್ಕಕ್ಕಿಲ್ಲ. ಅವು ಸೇರುವುದು ‘ಪ್ರಾವೆನೆನ್ಸ್’ ಎಂಬ ಇನ್ನೊಂದು ಖಾತೆಗೆ, ಅಂದರೆ ಕೈಬದಲಾದ ಚರಿತ್ರೆಗೆ. ನಟ ನಿಕೊಲಸ್ ಕೇಜ್ ಬಳಿಯಿದ್ದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಆಕ್ಷನ್ ಕಾಮಿಕ್ಸ್ 1ನೇ ಸಂಚಿಕೆಯನ್ನೇ ನೋಡಿ. 2000ದಲ್ಲಿ ಕಳುವಾಗಿ, 2011ರಲ್ಲಿ ಸಿಕ್ಕಿ, ಅದೇ ವರ್ಷ 21.6 ಲಕ್ಷ ಡಾಲರಿಗೆ ಮಾರಾಟವಾಯಿತು. ಗ್ರೇಡ್ ಹತ್ತಕ್ಕೆ 9.0, ಪ್ರಾವೆನೆನ್ಸ್ ಸಿನಿಮಾ ಕಥೆಯಂಥದ್ದು, ಪೆಡಿಗ್ರಿ ಮಾತ್ರ ಇಲ್ಲ. ಕೇಜ್ ಅದನ್ನು 1938ರಲ್ಲಿ ಅಂಗಡಿಯಲ್ಲಿ ಹತ್ತು ಸೆಂಟು ಕೊಟ್ಟು ಕೊಂಡವರಲ್ಲವಲ್ಲ. ಅದೇ ಸಂಚಿಕೆಯ ಇನ್ನೊಂದು ಪ್ರತಿ 2024ರ ಏಪ್ರಿಲ್‌ನಲ್ಲಿ ಹೆರಿಟೇಜ್ ಹರಾಜಿನಲ್ಲಿ 60 ಲಕ್ಷ ಡಾಲರ್ ತಂದಿತು. ಅದರ ಗ್ರೇಡ್ 8.5, ಕೇಜ್ ಪ್ರತಿಗಿಂತ ಒಂದು ಮೆಟ್ಟಿಲು ಕೆಳಗೆ. ಆದರೆ ಗ್ರೇಡ್ ಕೊಟ್ಟವರ ಲೇಬಲ್ ಮೇಲೆ ‘ಕ್ಯಾನ್ಸಸ್ ಸಿಟಿ’ ಪೆಡಿಗ್ರಿ ಇತ್ತು. ಹದಿಮೂರು ವರ್ಷದಲ್ಲಿ ಇಡೀ ಮಾರುಕಟ್ಟೆಯೇ ಏರಿದೆ, ಬೆಲೆಯ ಅಂತರವನ್ನೆಲ್ಲ ಪೆಡಿಗ್ರಿಯ ತಲೆಗೆ ಕಟ್ಟಲಾಗದು. ಎರಡು ಮಾತು ಬೇರೆ ಬೇರೆ ಎನ್ನುವುದಕ್ಕೆ ಈ ಜೋಡಿ ಸಾಕು.

ಪೆಡಿಗ್ರಿ ಎಂದು ಒಪ್ಪಬೇಕಾದರೆ ಸಂಗ್ರಹ ಒಬ್ಬನೇ ಮೂಲ ಮಾಲೀಕನದಾಗಿರಬೇಕು, ಪುಸ್ತಕಗಳು ಬಿಡುಗಡೆಯಾದ ಕಾಲದಲ್ಲೇ ಪತ್ರಿಕೆ ಅಂಗಡಿಯಲ್ಲಿ ಕೊಂಡವಾಗಿರಬೇಕು, ಕಾಲ ಹಳೆಯದಾಗಿರಬೇಕು, ಗಾತ್ರ ದೊಡ್ಡದಿರಬೇಕು, ಒಟ್ಟಾರೆ ಗ್ರೇಡ್ ಎತ್ತರದಲ್ಲಿರಬೇಕು. ಎಡವುವುದು ಈ ಕೊನೆಯ ಷರತ್ತಿನಲ್ಲಿ. ‘ಒಟ್ಟಾರೆ’ ಎನ್ನುವುದು ಸಂಗ್ರಹಕ್ಕೆ, ಬಿಡಿ ಪ್ರತಿಗಲ್ಲ. ಹೆಸರಾಂತ ಪೆಡಿಗ್ರಿಯಲ್ಲೂ 6.0 ಪ್ರತಿಗಳು ಇರುತ್ತವೆ, ಅವೂ ಪೆಡಿಗ್ರಿಯೇ. 9.8 ಬಂದ ಅನಾಥ ಪ್ರತಿ ಎಷ್ಟೇ ಚೆಂದವಿದ್ದರೂ ಅನಾಥವೇ. ಇಪ್ಪತ್ತು ವರ್ಷ ಹರಾಜುಗಳಲ್ಲಿ ಆರಿಸಿ ಆರಿಸಿ ಕೂಡಿಸಿದ್ದು ಒಳ್ಳೆಯ ಸಂಗ್ರಹ ಅನ್ನಿಸಿಕೊಂಡೀತು, ಪೆಡಿಗ್ರಿ ಆಗದು. ನಿಯಮಕ್ಕೆ ಒಂದು ಅಪವಾದವೂ ಉಂಟು: ಇಸಿ ಕಾಮಿಕ್ಸಿನ ಪ್ರಕಾಶಕ ವಿಲಿಯಂ ಗೇನ್ಸ್ ತನ್ನ ಪ್ರಕಟಣೆಗಳ ಪ್ರತಿಗಳನ್ನು ಕಟ್ಟಿ ಎತ್ತಿಟ್ಟಿದ್ದ. ಅಂಗಡಿಗೇ ಹೋಗದ ಆ ಪ್ರತಿಗಳೂ ‘ಗೇನ್ಸ್ ಫೈಲ್’ ಪೆಡಿಗ್ರಿ ಎನಿಸಿಕೊಂಡಿವೆ.

ಎಲ್ಲಕ್ಕೂ ಅಳತೆಗೋಲು ಎಡ್ಗರ್ ಚರ್ಚ್ ಸಂಗ್ರಹ. ಚರ್ಚ್ ಅಮೆರಿಕದ ಕೊಲೊರಾಡೊದಲ್ಲಿ ಜಾಹೀರಾತು ಚಿತ್ರ ಬರೆಯುತ್ತಿದ್ದ ಕಲಾವಿದ. ಸೂಪರ್‌ಹೀರೊಗಳು ಹುಟ್ಟಿದ 1930ರ ದಶಕದ ಕೊನೆಯಿಂದ 50ರ ದಶಕದವರೆಗೆ ಬಂದದ್ದನ್ನೆಲ್ಲ ಕೊಂಡು ಮನೆಯಲ್ಲಿ ಪೇರಿಸಿದ. 1977ರಲ್ಲಿ ಆ ಮನೆಯವರಿಂದ ಇಡೀ ರಾಶಿಯನ್ನು, 18,000ದಿಂದ 22,000 ಪುಸ್ತಕಗಳನ್ನು, ಡೆನ್ವರ್ ಕಡೆಯ ವ್ಯಾಪಾರಿ ಚಕ್ ರೊಜಾನ್ಸ್ಕಿ ಕೊಂಡರು. ಅವರ ಅಂಗಡಿ ಮೈಲ್ ಹೈ ಕಾಮಿಕ್ಸ್. ಡೆನ್ವರ್ ಸಮುದ್ರಮಟ್ಟದಿಂದ 5,280 ಅಡಿ, ಸರಿಯಾಗಿ ಒಂದು ಮೈಲಿ ಎತ್ತರದಲ್ಲಿದೆ. ಹಾಗಾಗಿ ಸಂಗ್ರಹಕ್ಕೆ ಎರಡು ಹೆಸರು, ‘ಚರ್ಚ್’ ಮತ್ತು ‘ಮೈಲ್ ಹೈ’. ಇವು ಎರಡು ಬೇರೆ ಪೆಡಿಗ್ರಿ ಎಂದು ವಾದಿಸುವವರೂ ಸಿಗುತ್ತಾರೆ. ಎರಡೂ ಒಂದೇ.

ಆ ಪುಸ್ತಕಗಳು ಹಾಗೆ ಉಳಿದದ್ದಕ್ಕೆ ಕಾರಣ ಪವಾಡವಲ್ಲ. ಆ ಕಾಲದ ಕಾಮಿಕ್ಸ್ ಹಾಳೆ ಮರವನ್ನು ಅರೆದು ಮಾಡಿದ ಅಗ್ಗದ ನ್ಯೂಸ್‌ಪ್ರಿಂಟ್. ಅದರೊಳಗೆ ಉಳಿದ ಲಿಗ್ನಿನ್ ಬೆಳಕು, ಗಾಳಿ, ಶಾಖ ತಾಗಿದಂತೆ ಹಳದಿಯಾಗುತ್ತದೆ. ಆಮ್ಲ ಹೆಚ್ಚಿ ಹಾಳೆ ಹಪ್ಪಳದಂತೆ ಮುರಿಯುತ್ತದೆ. ಚರ್ಚ್ ಮನೆಯಲ್ಲಿ ಪುಸ್ತಕಗಳು ಒಂದರ ಮೇಲೊಂದು ಎತ್ತರಕ್ಕೆ ಮಲಗಿದ್ದವು. ಮೇಲಿನ ಭಾರಕ್ಕೆ ಹಾಳೆಗಳ ನಡುವೆ ಗಾಳಿಯಾಡಲಿಲ್ಲ. ಕತ್ತಲಿತ್ತು, ಊರಿನ ಹವೆ ಒಣ. ಓದಿದ ಗುರುತೂ ಕಡಿಮೆ. ನಮ್ಮಲ್ಲಿ ಯಾರಾದರೂ ಇದನ್ನು ಕೇಳಿ ಕಾಮಿಕ್ಸ್ ಪೇರಿಸಿಡಲು ಹೊರಟರೆ ತಾಳಿ: ಕರಾವಳಿಯ ಮಳೆಗಾಲದಲ್ಲಿ ಅದೇ ರಾಶಿ ತೇವ ಹೀರಿ ಒಂದಕ್ಕೊಂದು ಅಂಟುತ್ತದೆ, ಪಿನ್ನು ತುಕ್ಕು ಹಿಡಿದು ನಡುಹಾಳೆಗೆ ಕಂದು ಕಲೆ ಇಳಿಸುತ್ತದೆ. ಇಲ್ಲಿಗೆ ಹೊಂದುವುದು ಪಾಲಿಯೆಸ್ಟರ್ ಕವರು, ಹಿಂದೆ ಆಮ್ಲರಹಿತ ರಟ್ಟು, ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸುವುದು, ಆರ್ದ್ರತೆ ಶೇ. 50 ದಾಟದಂತೆ ನೋಡಿಕೊಳ್ಳುವುದು.

ಗ್ರೇಡಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2000ದಲ್ಲಿ ಶುರುವಾದ ಸಿಜಿಸಿ ಸಂಸ್ಥೆ 0.5ರಿಂದ 10.0ರವರೆಗೆ ಅಂಕ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮೊಹರು ಮಾಡಿ ಕೊಡುತ್ತದೆ. 9.4 ಎಂದರೆ ನಿಯರ್ ಮಿಂಟ್, 8.0 ಎಂದರೆ ವೆರಿ ಫೈನ್. ಗಮನಿಸಬೇಕಾದ್ದು ಒಂದೇ: ಗ್ರೇಡ್ ಬದಲಾಗುತ್ತದೆ. ಪುಸ್ತಕವನ್ನು ಹದವಾದ ಶಾಖ, ತೇವ, ಒತ್ತಡ ಕೊಟ್ಟು ಇಸ್ತ್ರಿ ಮಾಡಿದರೆ (‘ಪ್ರೆಸ್ಸಿಂಗ್’ ಎನ್ನುವುದು ಇದಕ್ಕೇ) ಬಣ್ಣ ಒಡೆಯದ ಮಡಿಕೆಗಳು ಮಾಯವಾಗಿ 8.5 ಇದ್ದದ್ದು 9.0 ಆಗಬಹುದು. ಬಣ್ಣ ಒಡೆದು ಬಿಳಿಗೆರೆ ಕಂಡಿದ್ದರೆ ಯಾವ ಇಸ್ತ್ರಿಯೂ ಉಪಯೋಗಕ್ಕಿಲ್ಲ. ಸಿಜಿಸಿ ಪ್ರೆಸ್ಸಿಂಗನ್ನು ದುರಸ್ತಿ ಎಂದು ಎಣಿಸುವುದಿಲ್ಲ. ಅಂಚು ಕತ್ತರಿಸಿದರೆ, ಬಣ್ಣ ಹಚ್ಚಿದರೆ ನೇರಳೆ ಲೇಬಲ್ ಬೀಳುತ್ತದೆ, ಬೆಲೆಯೂ ಬೀಳುತ್ತದೆ. ಈ ಏರಿಳಿತ ಯಾವುದೂ ಪೆಡಿಗ್ರಿಯನ್ನು ಮುಟ್ಟುವುದಿಲ್ಲ. ಚರ್ಚ್ ಸಂಗ್ರಹದ ಆಕ್ಷನ್ ಕಾಮಿಕ್ಸ್ 1ನೇ ಪ್ರತಿ ದಶಕಗಳ ಕಾಲ ಸಿಜಿಸಿ ಕಡೆ ತಲೆ ಹಾಕದೆಯೇ ಲೋಕದ ಅತ್ಯುತ್ತಮ ಪ್ರತಿ ಎನಿಸಿಕೊಂಡಿತ್ತು. ಗ್ರೇಡೇ ಇಲ್ಲದ ಪೆಡಿಗ್ರಿ!

ಲಾರ್ಸನ್ ಪೆಡಿಗ್ರಿಯ ಪ್ರತಿಗಳನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಲಾರ್ಸನ್ ಅಮೆರಿಕದ ನೆಬ್ರಾಸ್ಕಾದ ಸಣ್ಣ ಊರಿನ ಹುಡುಗ. ಊರಿನ ಅಂಗಡಿಯವರು ಅವನಿಗೆಂದು ಪುಸ್ತಕ ತೆಗೆದಿಡುತ್ತ ಮುಖಪುಟದ ಮೇಲೆಯೇ ಪೆನ್ಸಿಲಿನಲ್ಲಿ ‘ಲಾರ್ಸನ್’ ಎಂದು ಗೀಚುತ್ತಿದ್ದರು. ಬೇರೆ ಯಾವ ಪ್ರತಿಯ ಮೇಲೆ ಹೀಗೆ ಬರೆದಿದ್ದರೂ ಅದು ಕುಂದು, ಇಲ್ಲಿ ಅದೇ ಜನನ ಪ್ರಮಾಣಪತ್ರ. ಅದನ್ನು ರಬ್ಬರಿನಿಂದ ಉಜ್ಜಿದರೆ ಮುಖಪುಟದ ಹೊಳಪು ಎದ್ದು ಕಾಗದದ ನಾರು ಒರಟಾಗುತ್ತದೆ, ಜೊತೆಗೆ ಸಾಕ್ಷಿಯೂ ಹೋಗುತ್ತದೆ. ಗ್ರೇಡೂ ಕೈ ತಪ್ಪಿ ಗೋತ್ರವೂ ಕೈ ತಪ್ಪಿದಂತೆ.

ಪೆನ್ಸಿಲ್ ಗುರುತನ್ನು ಯಾರು ಬೇಕಾದರೂ ಬರೆಯಬಹುದು ಎಂಬುದೂ ನಿಜ. ಆದ್ದರಿಂದ ಬಿಡಿ ಪ್ರತಿ ಹಿಡಿದು ‘ಇದು ಮೈಲ್ ಹೈ’ ಎಂದರೆ ನಂಬಬೇಕಿಲ್ಲ. ಲೇಬಲ್ ಮೇಲೆ ಗ್ರೇಡಿನ ಜೊತೆ ಪೆಡಿಗ್ರಿಯ ಹೆಸರು ಅಚ್ಚಾಗಿರಬೇಕು. ಲೇಬಲ್ಲಿನ ಸಂಖ್ಯೆಯನ್ನು ಸಿಜಿಸಿ ತಾಣದಲ್ಲಿ ಹಾಕಿದರೆ ಅದೇ ವಿವರ ಬರಬೇಕು. ಆಮೇಲೆ ಹಳೆಯ ಹರಾಜಿನ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿ: ಪಿನ್ನು ಬೆನ್ನಿನ ಮೇಲೆ ಎಲ್ಲಿ ಚುಚ್ಚಿದೆ, ಹಿಂಪುಟದ ಬಿಳಿ ಪಟ್ಟಿ ಮುಂದಕ್ಕೆ ಎಷ್ಟು ಸುತ್ತಿ ಬಂದಿದೆ, ಮೂಲೆ ಎಷ್ಟು ಓರೆಯಾಗಿ ಕತ್ತರಿಸಿದೆ. ಮುದ್ರಣಾಲಯದ ಈ ಎಡವಟ್ಟುಗಳು ಎರಡು ಪ್ರತಿಗಳಲ್ಲಿ ಒಂದೇ ಥರ ಇರುವುದು ಅಪರೂಪ, ಬೆರಳಚ್ಚಿನಷ್ಟೇ ಕೆಲಸಕ್ಕೆ ಬರುತ್ತವೆ.

ಇನ್ನು ನಮ್ಮ ಇಂದ್ರಜಾಲ ಕಾಮಿಕ್ಸ್. 1964ರಿಂದ 1990ರವರೆಗೆ ಬಂದ ಈ ಮಾಲೆ ಕನ್ನಡದಲ್ಲೂ ಇತ್ತು, ಮುಖವಾಡದ ಫ್ಯಾಂಟಮ್ ಅದರ ದೊರೆ. ಇಂದು ‘ಪೆಡಿಗ್ರಿ’ ಎಂದು ಬಿಕರಿಯಾಗುವ ಎಷ್ಟೋ ಪ್ರತಿಗಳು ಬಾಡಿಗೆ ಲೈಬ್ರರಿಗಳಿಂದ ಬಂದವು. ಬೆನ್ನಿನ ಪಕ್ಕ ದಾರದ ಮೂರು ತೂತು ಇದ್ದರೆ ಅದು ಬೈಂಡ್ ಆಗಿದ್ದ ಪ್ರತಿ. ಬೈಂಡಿಂಗ್‌ನವನು ಮೂರೂ ಅಂಚು ಸವರಿರುತ್ತಾನೆ, ಸ್ಕೇಲು ಹಿಡಿದು ಬೈಂಡ್ ಆಗದ ಪ್ರತಿಯೊಡನೆ ಅಗಲ ಹೋಲಿಸಿದರೆ ಗೊತ್ತಾಗುತ್ತದೆ. ಇಂಥದ್ದಕ್ಕೆ ಪೆಡಿಗ್ರಿಯೂ ಇಲ್ಲ, ಒಳ್ಳೆಯ ಗ್ರೇಡೂ ಇಲ್ಲ. ಒಬ್ಬರೇ ತಿಂಗಳು ತಿಂಗಳು ಕೊಂಡು ಟ್ರಂಕಿನಲ್ಲಿಟ್ಟ ರಾಶಿ ಸಿಕ್ಕರೆ ಅದರ ಮಾತು ಬೇರೆ. ಅದನ್ನು ‘ಒಂದೇ ಕೈಯ ಸಂಗ್ರಹ’ ಎಂದು ಕನ್ನಡದಲ್ಲೇ ಕರೆದರೆ ಸುಳ್ಳೂ ಇಲ್ಲ, ಗೊಂದಲವೂ ಇಲ್ಲ. ಬಿಡಿಸಿ ಮಾರುವ ಮೊದಲು ಟ್ರಂಕು ಇದ್ದ ಹಾಗೇ ಚಿತ್ರ ತೆಗೆಯಿರಿ, ಸಂಚಿಕೆಗಳ ಪಟ್ಟಿ ಮಾಡಿ, ಕೊಂಡವರ ಹೆಸರು, ಊರು ಬರೆದಿಡಿ. ಮೊದಲ ಪುಟದಲ್ಲಿ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು, ಅಂಗಡಿಯ ಮುದ್ರೆ ಯಾವುದನ್ನೂ ಅಳಿಸಬೇಡಿ. ರದ್ದಿ ಅಂಗಡಿಯ ತಕ್ಕಡಿಗೆ ಬಿದ್ದು ಬೇರೆ ಪುಸ್ತಕಗಳ ಜೊತೆ ಒಮ್ಮೆ ಬೆರೆತ ಮೇಲೆ ಆ ಸಂಗ್ರಹವನ್ನು ಮತ್ತೆ ಜೋಡಿಸಲು ಬರುವುದಿಲ್ಲ.