ಗುರುತ್ವವನ್ನು ಪರೀಕ್ಷಿಸಲು ಖಾಲಿ ಜಾಗವೇ ಯಾಕೆ ಬೇಕು?

ವಿಶ್ವದ ನಕ್ಷೆಯಲ್ಲಿ ಗ್ಯಾಲಕ್ಸಿಗಳು ಎಳೆಎಳೆಯಾಗಿ ಹೆಣೆದುಕೊಂಡಿವೆ. ಎಳೆಗಳ ನಡುವಿನ ಭಾರೀ ಖಾಲಿ ಜಾಗಗಳೇ ವಾಯ್ಡ್‌ಗಳು. 1981ರಲ್ಲಿ ಪತ್ತೆಯಾದ ಬೂಟೀಸ್ ವಾಯ್ಡ್‌ನ ಅಗಲ ಸುಮಾರು 33 ಕೋಟಿ ಜ್ಯೋತಿರ್ವರ್ಷ. ಪೂರ್ತಿ ಖಾಲಿ ಅಂತಲ್ಲ, ಅಲ್ಲೊಂದು ಇಲ್ಲೊಂದು ಗ್ಯಾಲಕ್ಸಿ ಇದೆ.

ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಲೇ ಇದೆ ಎಂದು 1998ರಲ್ಲಿ ತಿಳಿಯಿತು. ಅದಕ್ಕೆ ಡಾರ್ಕ್ ಎನರ್ಜಿ ಎಂಬ, ಏನೆಂದು ಇನ್ನೂ ಗೊತ್ತಿಲ್ಲದ ಶಕ್ತಿ ಕಾರಣ ಅನ್ನುವವರೇ ಜಾಸ್ತಿ. ಇನ್ನು ಕೆಲವರು ಐನ್‌ಸ್ಟೈನರ ಗುರುತ್ವದ ಸಮೀಕರಣವನ್ನೇ ತಿದ್ದಿ ನೋಡುತ್ತಾರೆ. ಎಫ್ ಆಫ್ ಆರ್ ಎಂಬ ಸಿದ್ಧಾಂತಗಳು ಈ ಬಗೆಯವು. ಇವುಗಳಲ್ಲಿ ಗುರುತ್ವದ ಜೊತೆಗೆ ಇನ್ನೊಂದು ಸೆಳೆತ ಸೇರುತ್ತದೆ. ಅದು ಗುರುತ್ವವನ್ನು ಹೆಚ್ಚೆಂದರೆ ಮೂರನೇ ಒಂದು ಭಾಗದಷ್ಟು ಬಲಪಡಿಸುತ್ತದೆ.

ಹಾಗಾದರೆ ಸೌರವ್ಯೂಹದಲ್ಲೇ ಅದು ಕಾಣಬೇಕಿತ್ತು, ಅಲ್ವಾ? ಕಾಣುವುದಿಲ್ಲ. ವಸ್ತು ದಟ್ಟವಾಗಿರುವ ಕಡೆ ಈ ಸೆಳೆತ ಅಡಗಿಬಿಡುತ್ತದೆ. ಇದಕ್ಕೆ ಸ್ಕ್ರೀನಿಂಗ್ ಎನ್ನುತ್ತಾರೆ. ವಾಯ್ಡ್‌ನಲ್ಲಿ ಅಡಗಲು ಬೇಕಾದಷ್ಟು ವಸ್ತುವೇ ಇಲ್ಲ. ಅದಕ್ಕೇ ಅಲ್ಲಿ ಹುಡುಕುವುದು.

ಹುಡುಕುವುದು ಹೇಗೆ? ವಾಯ್ಡ್ ಒಳಗಿನ ಗ್ಯಾಲಕ್ಸಿಗಳನ್ನು ಸುತ್ತಲಿನ ದಟ್ಟ ಗೋಡೆಗಳು ಎಳೆದುಕೊಳ್ಳುತ್ತವೆ. ಹೆಚ್ಚುವರಿ ಸೆಳೆತ ಇದ್ದರೆ ವಾಯ್ಡ್ ಇನ್ನೂ ಬೇಗ ಬರಿದಾಗುತ್ತದೆ. ಒಂದೊಂದು ವಾಯ್ಡ್‌ಗೂ ಒಂದೊಂದು ಅಡ್ಡಾದಿಡ್ಡಿ ಆಕಾರ, ಒಂದನ್ನೇ ನೋಡಿ ಏನೂ ಹೇಳಲಾಗದು. ಸಾವಿರಾರನ್ನು ಒಂದರ ಮೇಲೊಂದು ಇಟ್ಟು ಸರಾಸರಿ ತೆಗೆದರೆ ಗೋಳ ಬರಬೇಕು. ಆದರೆ ನಾವು ದೂರ ಅಳೆಯುವುದು ಗ್ಯಾಲಕ್ಸಿ ದೂರ ಸರಿದಂತೆ ಅದರ ಬೆಳಕು ಕೆಂಪಿನತ್ತ ಜಾರುವ ಪ್ರಮಾಣದಿಂದ, ಅಂದರೆ ರೆಡ್‌ಶಿಫ್ಟ್‌ನಿಂದ. ನಮ್ಮ ಕಡೆಯ ಅಂಚಿನ ಗ್ಯಾಲಕ್ಸಿಗಳು ನಮ್ಮತ್ತ ಸರಿಯುತ್ತಿರುವುದರಿಂದ ಇರುವುದಕ್ಕಿಂತ ಹತ್ತಿರ ಕಾಣುತ್ತವೆ, ಆಚೆ ಅಂಚಿನವು ಇನ್ನೂ ದೂರ. ಗೋಳದ ಆಕಾರ ಕೆಡುತ್ತದೆ. ಎಷ್ಟು ಕೆಟ್ಟಿದೆ ಎಂಬುದರಲ್ಲೇ ಗ್ಯಾಲಕ್ಸಿಗಳ ವೇಗ ಸಿಗುತ್ತದೆ. ದೂರದ ಲೆಕ್ಕಕ್ಕೆ ವಿಶ್ವ ಹಿಗ್ಗುವ ತಪ್ಪು ಮಾದರಿ ಹಿಡಿದರೂ ಆಕಾರ ಕೆಡುತ್ತದೆ, ಹಾಗಾಗಿ ಎರಡನ್ನೂ ಬೇರ್ಪಡಿಸಿಯೇ ನೋಡಬೇಕು.

ಇಲ್ಲೊಂದು ತೊಡಕಿದೆ. ಹೆಚ್ಚುವರಿ ಸೆಳೆತ ವಿಶ್ವದ ರಚನೆಗಳನ್ನು ಬೇಗ ಬೆಳೆಸುತ್ತದೆ, ನ್ಯೂಟ್ರಿನೋ ಎಂಬ ಅತಿ ಹಗುರ ಕಣಗಳ ದ್ರವ್ಯರಾಶಿ ಅದನ್ನೇ ನಿಧಾನಿಸುತ್ತದೆ. ಎರಡೂ ಸೇರಿದರೆ ಏನೂ ಬದಲಾಗಿಲ್ಲ ಅನ್ನಿಸಬಹುದು.

ನನಗೆ ತುಂಬಾ ಗಟ್ಟಿ ಅನ್ನಿಸುವ ಪರೀಕ್ಷೆ ಬೇರೆ. ವಾಯ್ಡ್ ಹಾದು ಬರುವ ಬೆಳಕು ಸ್ವಲ್ಪ ಹೊರಕ್ಕೆ ಬಾಗುತ್ತದೆ. ಎಫ್ ಆಫ್ ಆರ್‌ನಲ್ಲಿ ಹೆಚ್ಚುವರಿ ಸೆಳೆತ ಗ್ಯಾಲಕ್ಸಿಗಳ ಓಟವನ್ನು ಬದಲಿಸುತ್ತದೆ, ಬೆಳಕಿನ ಬಾಗುವಿಕೆಯನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಹಾಗಾಗಿ ಅವೇ ವಾಯ್ಡ್‌ಗಳನ್ನು ಎರಡೂ ರೀತಿ ಅಳೆಯಬೇಕು. ಐನ್‌ಸ್ಟೈನ್ ಸರಿಯಿದ್ದರೆ ಎರಡೂ ಲೆಕ್ಕ ತಾಳೆಯಾಗಬೇಕು. 2023ರ ಜುಲೈನಲ್ಲಿ ಹಾರಿದ ಯೂಕ್ಲಿಡ್ ದೂರದರ್ಶಕ ಗ್ಯಾಲಕ್ಸಿಗಳ ಆಕಾರವನ್ನೂ ರೆಡ್‌ಶಿಫ್ಟನ್ನೂ ಅಳೆಯುತ್ತಿದೆ. ಆಕಾರದಿಂದ ಬೆಳಕಿನ ಬಾಗುವಿಕೆ, ರೆಡ್‌ಶಿಫ್ಟ್‌ನಿಂದ ಗ್ಯಾಲಕ್ಸಿಗಳ ಓಟ ತಿಳಿಯುತ್ತದೆ. ಈ ಹೋಲಿಕೆಗೆ ಬೇಕಾದ್ದು ಅವೆರಡೇ.