ಹುತ್ತದ ಅಣಬೆಯ ಗುರುತು ಬುಡದಲ್ಲಿ

ಮಳೆಗಾಲ ಹಿಡಿದ ಮೇಲೆ ಶಿರಸಿ ಸೀಮೆಯಲ್ಲಿ ತೋಟಕ್ಕೆ ಸೊಪ್ಪು ತರುವ ಕಾಡುಗಳಾದ ಸೊಪ್ಪಿನಬೆಟ್ಟಗಳಲ್ಲಿ ಏಳುವ ಅಣಬೆಗಳನ್ನು ಗುರುತಿಸಲು ಕಲಿಯುವವರು ಹುತ್ತದ ಅಣಬೆಯಿಂದ ಆರಂಭಿಸುವುದು ಒಳ್ಳೆಯದು. ಇದು ಟರ್ಮಿಟೋಮೈಸಿಸ್ ಕುಲಕ್ಕೆ ಸೇರಿದ್ದು. ಒಣ ಎಲೆ, ಕಟ್ಟಿಗೆಗಳನ್ನು ತಿಂದ ಗೆದ್ದಲುಗಳು ತಮ್ಮ ಹಿಕ್ಕೆಯಿಂದ ನೆಲದೊಳಗೆ ಸ್ಪಂಜಿನಂಥ ಗೂಡು ಕಟ್ಟಿ, ಅದರಲ್ಲಿ ಈ ಶಿಲೀಂಧ್ರವನ್ನು ಬೆಳೆಸಿ, ಅದನ್ನೇ ಆಹಾರವಾಗಿಸಿಕೊಳ್ಳುತ್ತವೆ. ನಮ್ಮ ಕಣ್ಣಿಗೆ ಬೀಳುವ ಕೊಡೆ ಆ ಗೂಡಿನಿಂದಲೇ ಮಣ್ಣನ್ನು ಸೀಳಿಕೊಂಡು ಮೇಲೆ ಬಂದದ್ದು.

ಆದ್ದರಿಂದ ಅಣಬೆಯನ್ನು ಕಿತ್ತು ನೋಡುವ ಬದಲು, ಸುತ್ತಲಿನ ಮಣ್ಣನ್ನು ಕೋಲಿನಿಂದ ನಿಧಾನವಾಗಿ ಬಿಡಿಸಬೇಕು. ದಂಟು ನೆಲಮಟ್ಟದಲ್ಲಿ ಮುಗಿಯದೆ, ಬೇರಿನಂತೆ ಸಪೂರವಾಗುತ್ತ ಗೂಡಿನವರೆಗೆ ಇಳಿದಿರುತ್ತದೆ. ಸೆಳೆದರೆ ಈ ಭಾಗವೇ ತುಂಡಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಟೋಪಿಯ ನಡುವೆ ಗಟ್ಟಿಯಾದ, ಹಲವು ಸಲ ಕಪ್ಪುಛಾಯೆಯ ಮೊನೆಯಿರುತ್ತದೆ. ಇದೇ ಕುಲದ ಪುಟ್ಟ ಅಣಬೆಯಾದ ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್ ಮಾತ್ರ ಗೆದ್ದಲು ಹೊರಹಾಕಿದ ಗೂಡಿನ ಚೂರುಗಳ ಮೇಲೆ ಹಿಂಡಾಗಿ ಏಳುವುದರಿಂದ ಅದರಲ್ಲಿ ಈ ಉದ್ದನೆಯ ಬೇರುದಂಟನ್ನು ಹುಡುಕಬಾರದು.

ಬುಡ ಬಿಡಿಸಿದಾಗ ಹರಿದ ಚೀಲದಂಥ ಹೊದಿಕೆ ಕಂಡರೆ ಅದು ಅಮಾನಿಟಾ ಇರಬಹುದು. ಈ ಕುಲದ ಕೆಲವು ಪ್ರಭೇದಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ತಿಂದು ಸಾಮಾನ್ಯವಾಗಿ 6 ಗಂಟೆಗಳಾದರೂ ಕಳೆದ ಮೇಲೆ ವಾಂತಿ, ಭೇದಿ ಶುರುವಾಗುತ್ತವೆ. ನಡುವೆ ಗುಣವಾದಂತೆ ತೋರಿದರೂ ಯಕೃತ್ತು ಹಾಳಾಗುತ್ತಲೇ ಇರುತ್ತದೆ. ಬೆಳ್ಳಿ ಚಮಚ ಕಪ್ಪಾಗುವುದು, ಹುಳು ತಿಂದಿರುವುದು ಮುಂತಾದ ಪರೀಕ್ಷೆಗಳಿಗೆ ಯಾವ ಆಧಾರವೂ ಇಲ್ಲ.

ಮನೆಗೆ ತಂದ ಮೇಲೆ ಬೀಜಕಣದ ಅಚ್ಚು, ಅಂದರೆ ಉದುರಿದ ಬೀಜಕಣಗಳು ಕಾಗದದ ಮೇಲೆ ಮೂಡಿಸುವ ಬಣ್ಣದ ಗುರುತು, ತೆಗೆಯಬೇಕು. ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಟೋಪಿಯನ್ನು ಅದರ ಅಡಿಯ ತೆಳು ಪದರಗಳಾದ ಕಿವಿರು ಕೆಳಗಾಗುವಂತೆ ಇಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಡಬೇಕು. ಹುತ್ತದ ಅಣಬೆಯದು ನಸುಗೆಂಪು, ಅಮಾನಿಟಾದ್ದು ಬಿಳಿ. ಬೇಣವೆಂಬ ಹುಲ್ಲುಗಾವಲಿನಲ್ಲಿಯೂ ಏಳಬಹುದಾದ, ಹೊಟ್ಟೆ ಕೆಡಿಸುವ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಹಸಿರು ಅಚ್ಚು ಕೊಡುತ್ತದೆ. ಆದರೆ ವಿಷವಿರುವ ಪ್ರಭೇದಗಳುಳ್ಳ ಎಂಟೊಲೊಮಾ ಕುಲದ ಅಚ್ಚೂ ನಸುಗೆಂಪೇ ಆದ್ದರಿಂದ, ಬಣ್ಣದ ಜೊತೆಗೆ ಕಿವಿರನ್ನೂ ನೋಡಬೇಕು: ಹುತ್ತದ ಅಣಬೆಯಲ್ಲಿ ಅವು ದಂಟನ್ನು ತಾಗುವುದಿಲ್ಲ, ಎಂಟೊಲೊಮಾದಲ್ಲಿ ಸಾಮಾನ್ಯವಾಗಿ ಅಂಟಿಕೊಂಡಿರುತ್ತವೆ. ಇವೆಲ್ಲ ಕುಲದ ಮಟ್ಟದ ಗುರುತುಗಳು. ಅಡುಗೆಗೆ ಒಯ್ಯುವ ನಿರ್ಧಾರಕ್ಕೆ ಇಷ್ಟು ಸಾಲದು, ಪ್ರಭೇದ ನಿರ್ಣಯಕ್ಕೆ ಸೂಕ್ಷ್ಮದರ್ಶಕವೂ ಬೇಕಾಗುತ್ತದೆ.