ಕಡಲಿನ ಬಿಸಿಗೆ ಯಾವ ರಾಗ?

“ಸಾರ್, ಕಡಲು ಬಿಸಿಯಾಗುತ್ತಿರುವ ಅಂಕಿಅಂಶ ಕೊಡಿ, ಶುಭಪಂತುವರಾಳಿಯಲ್ಲಿ ಕೂರಿಸುತ್ತೇವೆ.” ವಿಜ್ಞಾನ ದಿನ ಹತ್ತಿರ ಬಂದರೆ ಸಾಕು, ಇಂಥ ಕರೆಗಳು ಶುರುವಾಗುತ್ತವೆ. ದುಃಖದ ವಿಷಯ, ಆದ್ದರಿಂದ ದುಃಖದ ರಾಗ. ಕೇಳುವವರ ಉತ್ಸಾಹ ಕಂಡರೆ ಇಲ್ಲ ಎನ್ನಲು ಮನಸ್ಸು ಬರುವುದಿಲ್ಲ; ಆದರೂ ಎನ್ನಲೇಬೇಕಾಗುತ್ತದೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡೇನಿಯಲ್ ಕ್ರಾಫರ್ಡ್ 2013ರಲ್ಲಿ ಚೆಲ್ಲೋದಲ್ಲಿ ನುಡಿಸಿದ್ದನ್ನು ಇವರಲ್ಲಿ ಹೆಚ್ಚಿನವರು ಕೇಳಿರುತ್ತಾರೆ. 1880ರಿಂದ 2012ರವರೆಗೆ ವರ್ಷಕ್ಕೊಂದು ಸ್ವರ. ನೆಲ ಮತ್ತು ಕಡಲಿನ ಮೇಲ್ಮೈ ತಾಪಮಾನದ ಬಗ್ಗೆ ನಾಸಾ ಇಟ್ಟಿರುವ ಲೆಕ್ಕವೇ ಅದಕ್ಕೆ ಆಧಾರ. ತಾಪಮಾನ ಸುಮಾರು 0.03 ಡಿಗ್ರಿ ಸೆಲ್ಸಿಯಸ್ ಏರಿದರೆ ನಾದ ಒಂದು ಸ್ವರಸ್ಥಾನ, ಅಂದರೆ ಸ್ಥಾಯಿಯ ಹನ್ನೆರಡು ಸಮ ಮೆಟ್ಟಿಲುಗಳಲ್ಲಿ ಒಂದು, ಮೇಲೇರುತ್ತದೆ. ಅದರ ಜೀವ ಇರುವುದು ಈ ಅಳತೆಯಲ್ಲಿ.

ರಾಗ ಹಾಕಿದ ಕೂಡಲೇ ಅಳತೆ ಕೆಡುತ್ತದೆ. ಶುಭಪಂತುವರಾಳಿಯಲ್ಲಿ ಷಡ್ಜದಿಂದ ಶುದ್ಧ ರಿಷಭಕ್ಕೆ ಒಂದೇ ಸ್ವರಸ್ಥಾನದ ಅಂತರ. ಸಾಧಾರಣ ಗಾಂಧಾರದಿಂದ ಪ್ರತಿಮಧ್ಯಮಕ್ಕೆ ಮೂರು. ಒಂದೊಂದು ಸ್ವರಕ್ಕೆ ಇಷ್ಟಿಷ್ಟೇ ಡಿಗ್ರಿ ಎಂದು ಸಮನಾಗಿ ಹಂಚಿದರೆ, ಎರಡೂ ಕಡೆ ಏರಿದ ಬಿಸಿ ಒಂದೇ, ಕಿವಿಗೆ ಮಾತ್ರ ಇಲ್ಲಿ ಸಣ್ಣ ಹೆಜ್ಜೆ, ಅಲ್ಲಿ ದೊಡ್ಡ ಜಿಗಿತ. ಒಂದೊಂದು ಇಂಚು ಒಂದೊಂದು ಉದ್ದವಿರುವ ಪಟ್ಟಿಯಲ್ಲಿ ಬಟ್ಟೆ ಅಳೆದ ಹಾಗೆ. ಕೆಲವರು ಜಾಣರು: “ಅಂತರ ಕೆಡಿಸುವುದಿಲ್ಲ, ರಾಗದಲ್ಲಿಲ್ಲದ ಸ್ವರ ಬಂದರೆ ಪಕ್ಕದ ಸ್ವರಕ್ಕೆ ಸರಿಸುತ್ತೇವೆ” ಎನ್ನುತ್ತಾರೆ. ಆಗ ಈ ರಾಗದಲ್ಲಿಲ್ಲದ ಶುದ್ಧ ಮಧ್ಯಮಕ್ಕೆ ಬೀಳಬೇಕಾದ ವರ್ಷಗಳೆಲ್ಲ ಅದರ ಮೇಲಿನ ಪ್ರತಿಮಧ್ಯಮಕ್ಕೆ ಹತ್ತಿ, ತಮಗಿಲ್ಲದ ಬಿಸಿಯನ್ನು ಪಡೆಯುತ್ತವೆ. ಇನ್ನು ಗಮಕ. ವರ್ಷದ ಸರಾಸರಿ ಒಂದೇ ಸಂಖ್ಯೆ. ಅದನ್ನು ಕಂಪಿಸಿ ನುಡಿಸಿದರೆ ಆ ವರ್ಷದ ತಾಪಮಾನ ಯಾವುದೆಂದು ಹೇಳುವುದು?

ರಾಗದಲ್ಲಿ ಮಾಡಲೇಬಾರದು ಎಂದು ನಾನು ಹೇಳುತ್ತಿಲ್ಲ. ಮಾಡಿ, ಚೆನ್ನಾಗಿಯೇ ಬಂದೀತು. ಆದರೆ “ವಿಜ್ಞಾನದ ದತ್ತಾಂಶವೇ ಹಾಡುತ್ತಿದೆ” ಎಂದು ನಿರೂಪಕರು ಮೈಕಿನಲ್ಲಿ ಘೋಷಿಸುವುದು ಬೇಡ. 2014ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಶೃಂಗಸಭೆಯಲ್ಲಿ ಮಾರ್ಷಲ್ ದ್ವೀಪಗಳ ಕವಿ ಕ್ಯಾಥಿ ಜೆಟ್ನಿಲ್-ಕಿಜಿನರ್ ತಮ್ಮ ಹಸುಗೂಸನ್ನು ಉದ್ದೇಶಿಸಿ ಬರೆದ ಕವಿತೆ ಓದಿದರು. ನೀರು ನೆಲವನ್ನು ನುಂಗೀತೆಂಬ ಭಯ, ಹಾಗಾಗಲು ಬಿಡುವುದಿಲ್ಲವೆಂದು ತಾಯಿ ಕೊಡುವ ಮಾತು. ಅದಕ್ಕೆ ಗ್ರಾಫಿನ ಹಂಗಿರಲಿಲ್ಲ. ಕವಿತೆಗೆ ಆ ಸ್ವಾತಂತ್ರ್ಯವಿದೆ, ದತ್ತಾಂಶ ನುಡಿಸಲು ಹೊರಟವರಿಗೆ ಇಲ್ಲ.

ಕುಂದಾಪುರದ ಕಡೆಯ ಹಾರ್ಮೋನಿಯಂ ಮಾಸ್ತರರೊಬ್ಬರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ವರ್ಷಕ್ಕೊಂದರಂತೆ ಸ್ವರ ಬರೆದ ಹಾಳೆ ಕೊಟ್ಟೆ. ಮೂರು ಸ್ಥಾಯಿಯಲ್ಲಿ ಎಲ್ಲವೂ ಹಿಡಿಯುತ್ತದೆ. ಅವರ ಮೊದಲ ಪ್ರಶ್ನೆ: “ವರ್ಷಕ್ಕೆ ತಾಳದ ಒಂದು ಮಾತ್ರೆಯೋ, ಎರಡೋ?” ಅಧ್ಯಾಪಕರೂ ಕೇಳದ ಪ್ರಶ್ನೆ ಅದು. ನುಡಿಸುತ್ತಾ 1992ಕ್ಕೆ ಬಂದವರು ತಿದಿ ನಿಲ್ಲಿಸಿದರು. “ಇಲ್ಲಿ ಬರೆದದ್ದು ತಪ್ಪಿದೆ ಮಾರಾಯರೇ. ಇಷ್ಟು ಕೆಳಗೆ ಯಾಕೆ ಇಳಿಯಿತು?” ತಪ್ಪಿರಲಿಲ್ಲ. 1991ರ ಜೂನ್‌ನಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಅದು ಕಾರಿದ ಗಂಧಕದ ಅನಿಲದಿಂದಾದ ಸೂಕ್ಷ್ಮ ಕಣಗಳು ವಾಯುಮಂಡಲದ ಮೇಲ್ಪದರದಲ್ಲಿ ಹರಡಿ ಬಿಸಿಲನ್ನು ತಡೆದಿದ್ದವು. ಒಂದೆರಡು ವರ್ಷ ಭೂಮಿ ತಂಪಾಯಿತು. 1998ರ ಜಿಗಿತ ಬಂದಾಗ ಅವರೇ ಹುಬ್ಬು ಹಾರಿಸಿದರು: “ಇದಕ್ಕೂ ಒಂದು ಕಥೆ ಇರಬೇಕು.” ಇತ್ತು, ಶಾಂತಸಾಗರದ ಮೇಲ್ಮೈ ನೀರು ಆಗಾಗ ಬಿಸಿಯೇರುವ ಎಲ್ ನಿನೊ. ಅಲ್ಲಿಂದ ಮಾತು ಬಂಗುಡೆಯ ದರಕ್ಕೆ ತಿರುಗಿ, ಊಟದ ಹೊತ್ತು ಮೀರಿತು. ಗಮಕ ತುಂಬಿಸಿದ್ದರೆ ಆ ಇಳಿತವೂ ಹಾಡುಗಾರರು ಸಾಲನ್ನು ಬದಲಿಸಿ ಹಾಡುವ ಒಂದು ಚೆಂದದ ಸಂಗತಿಯಂತೆ ಕೇಳಿಸಿ, ಯಾರೂ ಕಾರಣ ಕೇಳುತ್ತಿರಲಿಲ್ಲ.

ಇಷ್ಟಾದ ಮೇಲೂ ದತ್ತಾಂಶವನ್ನೇ ನುಡಿಸುವ ಹಟವಿದ್ದರೆ, ಒಂದು ಸ್ವರಸ್ಥಾನಕ್ಕೆ ಎಷ್ಟು ಡಿಗ್ರಿ, ಒಂದು ಮಾತ್ರೆಗೆ ಎಷ್ಟು ಕಾಲ, ಲೆಕ್ಕ ಯಾರದು ಎಂಬುದನ್ನು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸಿ. ಮೂರು ಸಾಲು ಸಾಕು. ಜಾಗವಿಲ್ಲ ಎಂದಾದರೆ ಮುಖ್ಯ ಅತಿಥಿಗಳಲ್ಲಿ ಒಬ್ಬರನ್ನು ಕಡಿಮೆ ಮಾಡಿ.